ಮಲೇಷ್ಯಾದ ಯಾವ ಹಬ್ಬಕ್ಕೆ ಹೋಗೋಣ? ನಿಂತು ನೋಡುವ ಹಬ್ಬ, ಕೂತು ಉಣ್ಣುವ ಹಬ್ಬ

ಕೌಲಾಲಂಪುರದ ಪಕ್ಕದಲ್ಲಿ ಕೆಲವು ವರ್ಷ ಸಂಸಾರ ಮಾಡಿ ಬಂದವಳು ನಾನು. ಈಗ ಮಂಗಳೂರಲ್ಲಿದ್ದೇನೆ. ಆದರೂ ವರ್ಷದ ಕೊನೆ ಹತ್ತಿರ ಬಂತು ಅಂದರೆ ನೆಂಟರಿಷ್ಟರ ಫೋನ್ ಶುರುವಾಗುತ್ತದೆ. "ಮಲೇಷ್ಯಾಕ್ಕೆ ಹೋಗ್ತಿದ್ದೇವೆ, ಯಾವುದಾದ್ರೂ ಹಬ್ಬ ಸಿಗೋ ಹಾಗೆ ಟಿಕೆಟ್ ಮಾಡ್ಬೇಕು, ಯಾವುದು ಒಳ್ಳೇದು?" ಅಂತ.

ಹಬ್ಬ ಸಿಗುವುದೇನೂ ಕಷ್ಟವಲ್ಲ. ಮಲಯರು, ಚೀನೀಯರು, ತಮಿಳರು, ಬೋರ್ನಿಯೊ ಕಡೆಯ ಇಬಾನ್, ಬಿದಾಯು, ಕಡಜಾನ್ ಜನ ಎಲ್ಲರೂ ಇರುವ ದೇಶ ಅದು. ಒಂದು ಹಬ್ಬದ ತೋರಣ ಬಿಚ್ಚುವಷ್ಟರಲ್ಲಿ ಇನ್ನೊಂದರದ್ದು ಕಟ್ಟಿರುತ್ತಾರೆ. ಹಾಗಾಗಿ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ನಿಮಗೆ ಬೀದಿಯಲ್ಲಿ ನಿಂತು ಹಬ್ಬ ನೋಡಬೇಕಾ, ಇಲ್ಲ ಯಾರದ್ದಾದರೂ ಮನೆಯಲ್ಲಿ ಕೂತು ಹಬ್ಬದೂಟ ಉಣ್ಣಬೇಕಾ? ಎರಡೂ ಚೆನ್ನ. ಆದರೆ ಒಂದಕ್ಕೆ ಬೇಕಾದ ತಯಾರಿ ಇನ್ನೊಂದಕ್ಕೆ ಸಾಲದು. ಇದನ್ನು ಮೊದಲೇ ತೀರ್ಮಾನ ಮಾಡಿಕೊಂಡರೆ ಉಳಿದದ್ದು ಸುಲಭ.

ತಾರೀಖು ಮೊದಲು ನೋಡಿ

ಬೋರ್ನಿಯೊ ಕಡೆಯ ಎರಡು ಸುಗ್ಗಿ ಹಬ್ಬಗಳಿಗೆ ಮಾತ್ರ ಇಂಗ್ಲಿಷ್ ಕ್ಯಾಲೆಂಡರಿನ ಗಟ್ಟಿ ತಾರೀಖಿದೆ. ಸಬಾದ ಕಾಮತಾನ್ ಮೇ 30 ಮತ್ತು 31. ಸರವಾಕ್‌ನ ಗವಾಯ್ ಜೂನ್ 1 ಮತ್ತು 2. ಉಳಿದದ್ದೆಲ್ಲ ಚಂದ್ರನ ಲೆಕ್ಕ.

ಸುಬ್ರಹ್ಮಣ್ಯನ ಹಬ್ಬವಾದ ತೈಪೂಸಂ ಬರುವುದು ತಮಿಳರ ತೈ ತಿಂಗಳಲ್ಲಿ, ಪುಷ್ಯ ನಕ್ಷತ್ರದ ದಿನ, ಹುಣ್ಣಿಮೆಯ ಆಸುಪಾಸಿನಲ್ಲಿ. ಚೀನೀ ಹೊಸವರ್ಷ ಜನವರಿ 21ರಿಂದ ಫೆಬ್ರವರಿ 20ರ ಒಳಗೆ ಎಲ್ಲೋ ಬೀಳುತ್ತದೆ. ಹರಿ ರಾಯ ಅಂದರೆ ನಮ್ಮಲ್ಲಿ ರಂಜಾನ್ ಅನ್ನುವ ಹಬ್ಬ. ಅದು ವರ್ಷಕ್ಕೆ ಸುಮಾರು ಹನ್ನೊಂದು ದಿನ ಮುಂಚೆ ಮುಂಚೆ ಬರುತ್ತಾ ಹೋಗುತ್ತದೆ.

2027ರಲ್ಲಿ ಇವು ಮೂರೂ ಹತ್ತಿರ ಹತ್ತಿರ ಇವೆ. ತೈಪೂಸಂ ಜನವರಿ 22, ಚೀನೀ ಹೊಸವರ್ಷ ಫೆಬ್ರವರಿ 6, ಹರಿ ರಾಯ ಮಾರ್ಚ್ 10ರ ಸುಮಾರಿಗೆ. ಹರಿ ರಾಯಕ್ಕೆ "ಸುಮಾರಿಗೆ" ಅಂದದ್ದು ಬೇಕೆಂದೇ. ಚಂದ್ರ ಕಂಡನೋ ಇಲ್ಲವೋ ಅಂತ ಹಿಂದಿನ ರಾತ್ರಿ ಟಿವಿಯಲ್ಲಿ ಹೇಳಿದ ಮೇಲೇ ಹಬ್ಬ ಗಟ್ಟಿ. ಒಂದು ದಿನ ಆಚೀಚೆ ಇಟ್ಟುಕೊಂಡೇ ಟಿಕೆಟ್ ಮಾಡಿ.

ತೈಪೂಸಂ: ನಿಂತು ನೋಡುವವರಿಗೆ ಇದಕ್ಕಿಂತ ದೊಡ್ಡದಿಲ್ಲ

ಇರುವುದು ನಾಲ್ಕೇ ದಿನ, ಅಲ್ಲಿ ಪರಿಚಯದವರು ಯಾರೂ ಇಲ್ಲ ಅನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ತೈಪೂಸಂ. ಕರೆಯೋಲೆ ಬೇಡ, ಟಿಕೆಟ್ ಬೇಡ. ಚಪ್ಪಲಿ ಬಿಟ್ಟು ಜನರ ಜೊತೆ ನಡೆದರೆ ಆಯಿತು.

ಕೌಲಾಲಂಪುರದ ಉತ್ತರಕ್ಕೆ, ಹದಿಮೂರು ಕಿಲೋಮೀಟರ್ ದೂರದಲ್ಲಿ ಬಟು ಕೇವ್ಸ್ ಇದೆ. ಸುಣ್ಣಕಲ್ಲಿನ ಬೆಟ್ಟ, ಅದರೊಳಗೆ ಗುಹೆ, ಗುಹೆಯೊಳಗೆ ಸುಬ್ರಹ್ಮಣ್ಯ. 1892ರಿಂದ ಅಲ್ಲಿ ಈ ಹಬ್ಬ ನಡೆಯುತ್ತಿದೆ. ಮುಂದೆ ನಿಂತ 42.7 ಮೀಟರ್ ಎತ್ತರದ ಚಿನ್ನದ ಬಣ್ಣದ ಮುರುಗನ್ ಮೂರ್ತಿ 2006ರದ್ದು. ಪಕ್ಕದ 272 ಮೆಟ್ಟಿಲುಗಳಿಗೆ ಕಾಮನಬಿಲ್ಲಿನ ಬಣ್ಣ ಬಂದದ್ದು 2018ರಲ್ಲಿ. ಕೆ.ಎಲ್. ಸೆಂಟ್ರಲ್ ನಿಲ್ದಾಣದಿಂದ ರೈಲು ಸೀದಾ ಬೆಟ್ಟದ ಬುಡಕ್ಕೇ ಹೋಗುತ್ತದೆ. ಹಬ್ಬಕ್ಕೆ ಕಾರು ತೆಗೆದುಕೊಂಡು ಹೋಗಲೇಬೇಡಿ.

ಹೆಚ್ಚಿನವರು ತಪ್ಪು ಮಾಡುವುದು ದಿನದ ಲೆಕ್ಕದಲ್ಲಿ. ಹಬ್ಬದ ದಿನ ಬೆಳಿಗ್ಗೆ ಹೋಗಿ, ನೂಕುನುಗ್ಗಲಲ್ಲಿ ಸಿಕ್ಕಿ, ಬಿಸಿಲಲ್ಲಿ ಬಸವಳಿದು ಬರುತ್ತಾರೆ. ಊರೊಳಗಿನ ಶ್ರೀ ಮಹಾಮಾರಿಯಮ್ಮನ್ ದೇವಸ್ಥಾನದಿಂದ ಹೊರಡುವ ಬೆಳ್ಳಿ ರಥವನ್ನು ನೋಡದೆ ಬಿಡಬಾರದು. ಈಚಿನ ವರ್ಷಗಳಲ್ಲಿ ಅದು ಹಬ್ಬಕ್ಕೆ ಎರಡು ರಾತ್ರಿ ಮೊದಲೇ ಹೊರಡುತ್ತದೆ. ಇಡೀ ರಾತ್ರಿ ನಡೆದು, ಹಬ್ಬದ ಹಿಂದಿನ ದಿನ ಬಟು ಕೇವ್ಸ್ ಸೇರುತ್ತದೆ. ದೇವಸ್ಥಾನದ ಬೀದಿಯಲ್ಲಿ ರಾತ್ರಿ ರಥ ಹೊರಡುವುದನ್ನು ನೋಡಿ. ಮರುದಿನ ವಿಶ್ರಾಂತಿ ತಗೊಳ್ಳಿ. ಹಬ್ಬದ ಮುಂಜಾನೆ, ಕತ್ತಲಿರುವಾಗಲೇ, ಬೆಟ್ಟದ ಬುಡದಲ್ಲಿರಿ.

ಆ ಹೊತ್ತಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಹತ್ತಿರದ ಹೊಳೆಯಲ್ಲಿ ಮಿಂದು ಬಂದ ಹುಡುಗನೊಬ್ಬ ಸ್ಟೂಲಿನ ಮೇಲೆ ಕೂತಿದ್ದ. ಹಳದಿ ಪಂಚೆ, ಮೈಗೆಲ್ಲ ವಿಭೂತಿ. ಸುತ್ತ ಹತ್ತಿಪ್ಪತ್ತು ಜನ "ವೇಲ್ ವೇಲ್" ಅನ್ನುತ್ತಿದ್ದರು, ವೇಲ್ ಅಂದರೆ ಸುಬ್ರಹ್ಮಣ್ಯನ ಈಟಿ. ಉರುಮಿ ಬಡಿಯುತ್ತಿತ್ತು. ಹಿರಿಯರೊಬ್ಬರು ಅವನ ಕೆನ್ನೆಗೆ ಸಣ್ಣ ಬೆಳ್ಳಿ ವೇಲನ್ನು ದಾಟಿಸಿದರು. ಅವನ ಅಮ್ಮ ಎದುರಿಗೇ ನಿಂತಿದ್ದಳು. ಕೈಯಲ್ಲಿ ಹಾಲಿನ ಕೊಡ. ಮಗನ ಮುಖದಿಂದ ಅವಳು ಕಣ್ಣೇ ಕೀಳಲಿಲ್ಲ. ಅವನು ಎದ್ದು ಕಾವಡಿ ಹೊತ್ತ. ಅವಳು ಅವನ ಹಿಂದೆ ಒಂದೊಂದೇ ಮೆಟ್ಟಿಲು ಹತ್ತಿದಳು. ಅದಕ್ಕೆ ಮುಂಚೆ ವಾರಗಟ್ಟಲೆ ವ್ರತ ಇರುತ್ತದೆ. ನಲವತ್ತೆಂಟು ದಿನ ಹಿಡಿಯುವವರೂ ಇದ್ದಾರೆ. ಇಷ್ಟು ಗೊತ್ತಿದ್ದರೆ ಮೊಬೈಲ್ ತಂತಾನೇ ಕೆಳಗಿಳಿಯುತ್ತದೆ. ಚುಚ್ಚುವ ಹೊತ್ತಲ್ಲಿ ಮುಖದ ಮುಂದೆ ಕ್ಯಾಮೆರಾ ಹಿಡಿಯಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಸುಬ್ರಹ್ಮಣ್ಯ ನಮಗೇನು ಹೊಸಬನಲ್ಲ. ಕುಕ್ಕೆಗೆ ನಡೆದುಕೊಳ್ಳುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಆದರೆ ಹರಕೆ ತೀರಿಸುವ ಈ ರೀತಿ ನಮ್ಮ ಕರಾವಳಿಯವರಿಗೆ ಬೇರೆಯೇ. ನನ್ನ ಅತ್ತೆ ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅವರಿಗೆ ಮಂಡಿನೋವು, ಮೆಟ್ಟಿಲು ಹತ್ತಲು ಆಗಲಿಲ್ಲ. ಕೆಳಗೇ ಕೂತು ಕೈಮುಗಿದರು. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಹಬ್ಬದ ದಿನ ಮೆಟ್ಟಿಲ ಆಸೆ ಬಿಡಿ. ತೀರಾ ಚಿಕ್ಕ ಮಕ್ಕಳಿದ್ದರೆ ರಥದ ರಾತ್ರಿಯಷ್ಟೇ ಸಾಕು.

ಕೌಲಾಲಂಪುರವೋ ಪೆನಾಂಗೋ ಅಂತ ಕೇಳುವವರಿದ್ದಾರೆ. ಜನಸಾಗರ ನೋಡಬೇಕೆಂದರೆ ಕೌಲಾಲಂಪುರ. ಉಸಿರಾಡಲು ಜಾಗ ಬೇಕೆಂದರೆ ಪೆನಾಂಗ್. ಅಲ್ಲಿ ಜಲಪಾತದ ರಸ್ತೆಯ ಬೆಟ್ಟದ ಮೇಲೆ ದೇವಸ್ಥಾನ. 500ಕ್ಕೂ ಹೆಚ್ಚು ಮೆಟ್ಟಿಲು, ಹಾಗಾಗಿ ಮಂಡಿಗೆ ಇನ್ನೂ ಕಷ್ಟ. ಆದರೆ ರಥದ ದಾರಿಯಲ್ಲಿ ತೆಂಗಿನಕಾಯಿ ಒಡೆಯುವುದನ್ನು ನೋಡಲೇಬೇಕು. ರಸ್ತೆ ತುಂಬ ರಾಶಿ ರಾಶಿ ಕಾಯಿ. ಒಡೆಯುವವರಲ್ಲಿ ಚೀನೀಯರೂ ಬಹಳ ಜನ. ನಾನು ಪಕ್ಕದಲ್ಲಿದ್ದ ಚೀನೀ ಅಜ್ಜಿಯನ್ನು ಯಾಕೆ ಅಂತ ಕೇಳಿದೆ. "ಮೊಮ್ಮಗನಿಗೆ ಹುಷಾರಿರಲಿಲ್ಲ, ಈಗ ಇದ್ದಾನೆ" ಅಂದರು ಅಷ್ಟೆ.

ಚೀನೀ ಹೊಸವರ್ಷ: ಮೊದಲ ದಿನಕ್ಕೆ ಬರಬೇಡಿ

ಇದು ಕೇಳಲು ವಿಚಿತ್ರ ಅನ್ನಿಸಬಹುದು. ಆದರೆ ಹೊಸವರ್ಷದ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಸೇರಿ ಉಣ್ಣುವ ರಾತ್ರಿ. ಮೊದಲೆರಡು ದಿನ ನೆಂಟರ ಮನೆ ಸುತ್ತುವ ದಿನ. ಹೊರಗಿನವರಿಗೆ ಕಾಣುವುದು ಎಳೆದ ಶಟರ್ ಮಾತ್ರ. ನಾನು ಮೊದಲ ಸಲ ಪೆನಾಂಗ್‌ನ ಜಾರ್ಜ್‌ಟೌನ್‌ಗೆ ಹೋದದ್ದು ಸರಿಯಾಗಿ ಆ ದಿನವೇ. ಬೀದಿಗೆ ಬೀದಿಯೇ ಖಾಲಿ. ರೂಮಿನ ಬಾಡಿಗೆ ಮಾತ್ರ ದುಪ್ಪಟ್ಟು. ಲಿಟಲ್ ಇಂಡಿಯಾದಲ್ಲಿ ದೋಸೆ ತಿಂದು ಬಂದೆವು.

ಹಬ್ಬ ಹದಿನೈದು ದಿನದ್ದು. ಬರುವುದಾದರೆ ಎಂಟನೇ ದಿನ ಪೆನಾಂಗ್‌ನಲ್ಲಿರಿ. ಹೊಕ್ಕಿಯೆನ್ ಚೀನೀಯರಿಗೆ ಹೊಸವರ್ಷಕ್ಕಿಂತ ದೊಡ್ಡದು ಒಂಬತ್ತನೇ ದಿನದ ಹಬ್ಬ, ಸ್ವರ್ಗದ ಒಡೆಯನ ಹುಟ್ಟುಹಬ್ಬ. ಎಂಟರ ರಾತ್ರಿಯೇ ಶುರುವಾಗುತ್ತದೆ. ಸಮುದ್ರದ ಮೇಲೆ ಮರದ ಕಂಬಗಳ ಮೇಲೆ ಕಟ್ಟಿದ ಮನೆಗಳ ಓಣಿ ಇದೆ, ಚ್ಯೂ ಜೆಟ್ಟಿ ಅಂತ. ಅಲ್ಲಿ ಉದ್ದಕ್ಕೆ ಮೇಜು ಜೋಡಿಸಿ ನೈವೇದ್ಯ ಇಡುತ್ತಾರೆ. ಎರಡೂ ಬದಿಗೆ ಎಲೆ ಸಮೇತ ಕಬ್ಬಿನ ಜಲ್ಲೆ. ಹಿಂದೆ ಶತ್ರುಗಳು ಅಟ್ಟಿಸಿಕೊಂಡು ಬಂದಾಗ ಇವರ ಹಿರಿಯರು ಕಬ್ಬಿನ ಗದ್ದೆಯಲ್ಲಿ ಅಡಗಿ ಉಳಿದರಂತೆ. ಅದರ ನೆನಪಿಗೆ ಕಬ್ಬು. ಸಂಕ್ರಾಂತಿಗೆ ಕಬ್ಬು ತರುವ ನಮಗೆ ಅದನ್ನು ನೋಡಿದಾಗ ಒಂಥರಾ ಆಗುತ್ತದೆ, ಅಲ್ವಾ?

ಪೆನಾಂಗ್‌ನ ಕೆಕ್ ಲೋಕ್ ಸಿ ದೇವಸ್ಥಾನದ ದೀಪಾಲಂಕಾರವೂ ಈ ದಿನಗಳಲ್ಲೇ. ಹದಿನೈದನೇ ರಾತ್ರಿ ಮದುವೆಯಾಗದ ಹುಡುಗಿಯರು ಕಿತ್ತಳೆ ಹಣ್ಣನ್ನು ಸಮುದ್ರಕ್ಕೆ ಎಸೆಯುತ್ತಾರೆ, ಒಳ್ಳೆ ಗಂಡ ಸಿಗಲಿ ಅಂತ. ಮಕ್ಕಳಿರುವ ಮನೆಯವರಿಗೆ ತೈಪೂಸಂಗಿಂತ ಇದೇ ಸುಲಭ. ಸಿಂಹ ಕುಣಿತ ಪೇಟೆಯ ಮಾಲ್‌ಗಳಲ್ಲೇ ನಡೆಯುತ್ತದೆ, ಅದೂ ಎತ್ತರದ ಕಂಬದಿಂದ ಕಂಬಕ್ಕೆ ಜಿಗಿಯುತ್ತಾ. ನನ್ನ ಮಗ ಮೂರು ಸಲ ಅದೇ ನೋಡಿದ.

ಹರಿ ರಾಯ: ನನ್ನ ಮನಸ್ಸಿನ ಹಬ್ಬ

ಒಂದೇ ಹಬ್ಬ ಆರಿಸು ಅಂದರೆ ನಾನು ಆರಿಸುವುದು ಇದನ್ನು. ಆದರೆ ಇದು ಬೀದಿಯಲ್ಲಿ ಸಿಗುವುದಿಲ್ಲ. ಮನೆಯೊಳಗೇ ಸಿಗಬೇಕು.

ಹಬ್ಬಕ್ಕೆ ಮುಂಚಿನ ವಾರ ಊರಿಗೆ ಊರೇ ಹಳ್ಳಿಗೆ ಹೊರಡುತ್ತದೆ. "ಬಾಲಿಕ್ ಕಂಪುಂಗ್" ಅನ್ನುತ್ತಾರೆ, ಹುಟ್ಟೂರಿಗೆ ಮರಳುವುದು. ಗಣೇಶ ಚೌತಿಗೆ ಬೆಂಗಳೂರಿಂದ ಊರ ಕಡೆ ಬಸ್ಸು ಸಿಗದ ಹಾಗೆಯೇ. ರೈಲು, ಬಸ್ಸಿನ ಟಿಕೆಟ್ ಬೇಗ ಮುಗಿಯುತ್ತವೆ. ಹೆದ್ದಾರಿಯಲ್ಲಿ ಕಾರುಗಳು ತೆವಳುತ್ತವೆ. ಆ ವಾರ ನೀವು ಊರಿಂದ ಊರಿಗೆ ಓಡಾಡುವ ಯೋಜನೆ ಹಾಕಬೇಡಿ. ಕೌಲಾಲಂಪುರದಲ್ಲೇ ಇರುವುದಾದರೆ ಖಾಲಿ ರಸ್ತೆಗಳ ಸುಖ ಉಂಟು, ಅಷ್ಟೆ.

ಮೊದಲ ದಿನ ಬೆಳಿಗ್ಗೆ ನಮಾಜು, ಆಮೇಲೆ ಹಿರಿಯರ ಸಮಾಧಿಗೆ ಹೋಗುವುದು, ಮನೆಯಲ್ಲಿ ಒಬ್ಬರೊಬ್ಬರ ಕ್ಷಮೆ ಕೇಳುವುದು. "ಮಾಫ್ ಜಾಹಿರ್ ದಾನ್ ಬಾತಿನ್" ಅನ್ನುತ್ತಾರೆ. ಹೊರಗೆ ಮಾಡಿದ ತಪ್ಪು, ಒಳಗೆ ಇಟ್ಟುಕೊಂಡ ತಪ್ಪು, ಎರಡನ್ನೂ ಮನ್ನಿಸು ಅಂತ. ಇದು ಮನೆಯವರ ದಿನ. ನಿಮ್ಮ ಸರದಿ ಆಮೇಲೆ. ಹಬ್ಬ ಇಡೀ ತಿಂಗಳು ನಡೆಯುತ್ತದೆ. ಶನಿವಾರ, ಭಾನುವಾರ ಬಂತೆಂದರೆ ಒಂದಲ್ಲ ಒಂದು ಮನೆಯಲ್ಲಿ "ರುಮಾ ತೆರ್ಬುಕಾ", ತೆರೆದ ಮನೆ. ಜಾತಿ ಮತ ಕೇಳದೆ ಬಂದವರಿಗೆಲ್ಲ ಊಟ. ಪ್ರಧಾನಮಂತ್ರಿಯೂ ಸಾರ್ವಜನಿಕರಿಗೆ ತೆರೆದ ಮನೆ ಇಡುತ್ತಾರೆ. ಆದರೆ ಅಲ್ಲಿ ಸಾಲಲ್ಲಿ ನಿಂತು ಉಣ್ಣುವುದಕ್ಕಿಂತ, ಆಫೀಸಿನ ಪರಿಚಯ, ಹಳೆ ಸಹಪಾಠಿ, ಯಾರಾದರೂ ಒಬ್ಬರಿದ್ದರೆ ಮೊದಲೇ ಒಂದು ಮೆಸೇಜ್ ಹಾಕಿ. ಅವರು ಇಲ್ಲ ಅನ್ನುವುದಿಲ್ಲ. ನಾನಂತೂ ಇಲ್ಲ ಅಂದವರನ್ನು ಕಂಡಿಲ್ಲ.

ನಮ್ಮ ಪಕ್ಕದ ಮನೆಯಾಕೆಯನ್ನು ನಾನು "ಕಾಕ್" ಅನ್ನುತ್ತಿದ್ದೆ, ಅಕ್ಕ ಅಂತ. ಹಬ್ಬಕ್ಕೆ ಎರಡು ದಿನ ಮೊದಲು ಅವರ ವರಾಂಡದಲ್ಲಿ ಕೂತು ಕೆತುಪಾತ್ ನೇಯುವುದನ್ನು ಕಲಿತೆ. ಎಳೆ ತೆಂಗಿನ ಗರಿಯ ಎರಡು ಪಟ್ಟಿ. ಕೈಗೆ ಸುತ್ತಿ, ಒಂದರೊಳಗೊಂದು ಹಾಯಿಸಿ, ಎಳೆದರೆ ಪುಟ್ಟ ಚೀಲ. ಅದರೊಳಗೆ ಅರ್ಧದಷ್ಟು ಮಾತ್ರ ಅಕ್ಕಿ. ನಾನು ಮುಕ್ಕಾಲು ತುಂಬಿದೆ. ಕಾಕ್ ನಕ್ಕು ಸುರಿದುಬಿಟ್ಟರು. ಬೆಂದಾಗ ಅಕ್ಕಿ ಹಿಗ್ಗುತ್ತದೆ, ಜಾಗವಿಲ್ಲದಿದ್ದರೆ ಒಳಗೆ ಕಾಳು ಕಾಳಾಗಿಯೇ ಉಳಿಯುತ್ತದೆ. ನಾಲ್ಕೈದು ಗಂಟೆ ಕುದಿಸಿ, ಗೊಂಚಲು ಗೊಂಚಲಾಗಿ ತೂಗುಹಾಕುತ್ತಾರೆ. ನನಗೆ ಆಗ ನೆನಪಾದದ್ದು ಅಷ್ಟಮಿಯ ದಿನ ಅಮ್ಮ ಕಟ್ಟುತ್ತಿದ್ದ ಮೂಡೆ. ಅಮ್ಮನದ್ದು ಮುಂಡೇವಿನ ಎಲೆ, ಒಳಗೆ ಉದ್ದು ಅಕ್ಕಿಯ ಹಿಟ್ಟು, ಹಬೆಯಲ್ಲಿ ಬೇಯಿಸುವುದು. ಇದು ತೆಂಗಿನ ಗರಿ, ಬರೀ ಅಕ್ಕಿ, ನೀರಲ್ಲಿ ಕುದಿಸುವುದು. ಆದರೆ ಎಲೆ ಬಿಚ್ಚಿದಾಗ ಏಳುವ ಹಸಿರು ವಾಸನೆ ಇದೆಯಲ್ಲ, ಅದು ಎರಡಕ್ಕೂ ಒಂದೇ.

ಸಸ್ಯಾಹಾರಿಗಳು ಗಮನಿಸಿ. ಕೆತುಪಾತ್ ಬರೀ ಅನ್ನ. ಬಿದಿರಲ್ಲಿ ಸುಟ್ಟ ಲೆಮಾಂಗ್ ಅಂಟಕ್ಕಿ ಮತ್ತು ತೆಂಗಿನಹಾಲಿನದ್ದು, ಅದೂ ತಿನ್ನಬಹುದು. ರೆಂದಾಂಗ್ ಹೆಚ್ಚಾಗಿ ದನದ ಮಾಂಸದ್ದು. ಕಡಲೆಕಾಯಿಯ ಸಾರಿನಲ್ಲಿ ಸಿಗಡಿ ಹಾಕಿರುವುದುಂಟು, ಕೇಳಿಕೊಳ್ಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಕ್ಕಳಿಗೆ ಹಸಿರು ಕವರಿನಲ್ಲಿ ದುಡ್ಡು ಕೊಡುತ್ತಾರೆ. ಚೀನೀಯರ ಕೆಂಪು ಕವರಿನಿಂದ ಬಂದ ಪದ್ಧತಿ ಇದು. ನಿಮ್ಮ ಮಗುವಿಗೆ ಕೊಟ್ಟರೆ ಎರಡೂ ಕೈಯಲ್ಲಿ ತಗೊಳ್ಳಲು ಹೇಳಿಕೊಡಿ, ಅಲ್ಲೇ ತೆರೆಯಬಾರದು.

ಊಟದ ಮನೆ ಸಿಗದಿದ್ದರೆ ಹಬ್ಬಕ್ಕೆ ಮುಂಚಿನ ಉಪವಾಸದ ತಿಂಗಳಲ್ಲಿ ಬನ್ನಿ. ಸಂಜೆ ನಾಲ್ಕರ ಮೇಲೆ ಬೀದಿ ಬೀದಿಯಲ್ಲಿ ತಿಂಡಿ ಬಜಾರು. ಕಟ್ಟಿಸಿಕೊಳ್ಳಿ, ಆದರೆ ಸೂರ್ಯ ಮುಳುಗುವವರೆಗೆ ಅವರ ಮುಂದೆ ತಿನ್ನದೆ ಕಾಯಿರಿ.

ದೀಪಾವಳಿ

ಇದಕ್ಕೆಂದೇ ಕರ್ನಾಟಕದಿಂದ ಹೋಗಬೇಡಿ ಅನ್ನುತ್ತೇನೆ. ಸರವಾಕ್ ಬಿಟ್ಟು ದೇಶಕ್ಕೆಲ್ಲ ರಜೆ ಇದೆ. ಬ್ರಿಕ್‌ಫೀಲ್ಡ್ಸ್, ಕ್ಲಾಂಗ್ ಪೇಟೆಗಳು ಚೆನ್ನಾಗಿರುತ್ತವೆ. ಮಾಲ್‌ಗಳಲ್ಲಿ ಬಣ್ಣದ ಅಕ್ಕಿಯ ದೊಡ್ಡ ಕೋಲಂ ಹಾಕುತ್ತಾರೆ. ಆದರೆ ಒಂದೇ ದಿನದ ಹಬ್ಬ, ನರಕ ಚತುರ್ದಶಿಯ ಎಣ್ಣೆಸ್ನಾನ, ಊಟ, ಮುಗಿಯಿತು. ನಮ್ಮ ಬಲಿಪಾಡ್ಯಮಿ, ಗೋಪೂಜೆ ಬಿಟ್ಟು ಅಲ್ಲಿಗೆ ಯಾಕೆ? ಅಲ್ಲೇ ಕೆಲಸದಲ್ಲಿರುವ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರ ಮಾತು ಬೇರೆ. ಆ ದಿನ ಮಕ್ಕಳ ಮಲಯ, ಚೀನೀ ಗೆಳೆಯರು ಚಕ್ಕುಲಿ ತಿನ್ನಲು ಬರುತ್ತಾರೆ. ಚಕ್ಕುಲಿ ಹಿಟ್ಟು ಜಾಸ್ತಿಯೇ ಕಟ್ಟಿಕೊಂಡು ಹೋಗಿ.

ಗವಾಯ್ ಮತ್ತು ಕಾಮತಾನ್: ಒಂದನ್ನೇ ಆರಿಸಿ

ಎರಡೂ ಭತ್ತದ ಸುಗ್ಗಿಯ ಹಬ್ಬ. ಎರಡೂ ಬೋರ್ನಿಯೊ ದ್ವೀಪದಲ್ಲಿ. ತಾರೀಖು ಪಕ್ಕ ಪಕ್ಕ ಇರುವುದರಿಂದ ಎರಡನ್ನೂ ನೋಡಿಬಿಡೋಣ ಅಂತ ಆಸೆಯಾಗುತ್ತದೆ. ಆಗುವುದಿಲ್ಲ. ಕಾಮತಾನ್‌ನ ಮುಖ್ಯ ದಿನ ಮೇ 31. ಗವಾಯ್‌ನ ಮುಖ್ಯ ರಾತ್ರಿಯೂ ಅದೇ.

ಕಾಮತಾನ್ ಸುಲಭ. ಸಬಾದ ಕೋಟಾ ಕಿನಬಾಲು ಊರಿನ ಪಕ್ಕದ ಪೆನಂಪಾಂಗ್‌ನಲ್ಲಿ ದೊಡ್ಡ ಮೈದಾನ, ಸಾಲು ಸಾಲು ಬಿದಿರ ಮನೆಗಳು, ಸುಮಜಾವ್ ಕುಣಿತ. ಕೈಗಳನ್ನು ಹಕ್ಕಿಯ ರೆಕ್ಕೆಯ ಹಾಗೆ ಚಾಚಿ ನಿಧಾನಕ್ಕೆ ಆಡುತ್ತಾರೆ. ನಿಮ್ಮನ್ನೂ ಎಳೆದುಕೊಳ್ಳುತ್ತಾರೆ. ಕೊನೆಗೆ ಹಬ್ಬದ ಚೆಲುವೆಯನ್ನು ಆರಿಸುವ ಸ್ಪರ್ಧೆ. ಅದರ ಹಿಂದೆ ಒಂದು ಕತೆಯಿದೆ. ಬರಗಾಲದಲ್ಲಿ ಜನ ಸಾಯುತ್ತಿದ್ದಾಗ ದೇವರಾದ ಕಿನೊಯಿಂಗಾನ್ ತನ್ನ ಮಗಳು ಹುಮಿನೊದುನ್‌ಳನ್ನೇ ಬಲಿ ಕೊಟ್ಟ. ಅವಳ ಮೈಯಿಂದ ಭತ್ತ ಹುಟ್ಟಿತು. ಅದಕ್ಕೇ ಭತ್ತದ ಕಾಳಲ್ಲಿ ಅವಳ ಜೀವ ಇದೆ ಅಂತ ಅವರ ನಂಬಿಕೆ. ಕೆರೆಗೆ ಹಾರವಾದ ಭಾಗೀರಥಿಯ ಕತೆ ಕೇಳಿ ಬೆಳೆದ ನಮಗೆ ಆ ಸ್ಪರ್ಧೆ ಬರೀ ಸೌಂದರ್ಯ ಸ್ಪರ್ಧೆಯಾಗಿ ಕಾಣುವುದಿಲ್ಲ.

ಗವಾಯ್ ಕಷ್ಟ, ಆದರೆ ಆಳ. 1965ರಿಂದ ಸರವಾಕ್‌ನಲ್ಲಿ ಇದಕ್ಕೆ ಸರ್ಕಾರಿ ರಜೆ. ಕೂಚಿಂಗ್ ಪೇಟೆಯಲ್ಲಿ ಕಾಣುವುದು ಸ್ವಲ್ಪವೇ. ಹಬ್ಬ ಇರುವುದು ಉದ್ದಮನೆಗಳಲ್ಲಿ. ಒಂದೇ ಸೂರಿನಡಿ ಹತ್ತಾರು ಕುಟುಂಬ, ಪ್ರತಿ ಕುಟುಂಬಕ್ಕೂ ಒಂದು ಬಾಗಿಲು, ಎಲ್ಲರಿಗೂ ಸೇರಿದ ಒಂದು ಉದ್ದನೆಯ ಜಗಲಿ. ಅದಕ್ಕೆ ಇಬಾನ್ ಜನ "ರುವಾಯ್" ಅನ್ನುತ್ತಾರೆ. ಕೂಚಿಂಗ್‌ನಿಂದ ಸುಮಾರು 60 ಕಿಲೋಮೀಟರ್ ದೂರದ ಅನ್ನಾ ರೈಸ್, ಬಿದಾಯು ಜನರ ಉದ್ದಮನೆ. ಮೊದಲ ಸಲ ಹೋಗುವವರಿಗೆ ಅದು ಸುಲಭ. ಆದರೆ ಗವಾಯ್ ರಾತ್ರಿಗೆ ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ. ಸ್ಥಳೀಯ ಪರಿಚಯದವರ ಮೂಲಕ ಮನೆಯ ಹಿರಿಯರಿಗೆ ಮೊದಲೇ ಹೇಳಿಸಿ.

ಜಗಲಿಯಲ್ಲಿ ಕೂತರೆ ಒಂದೊಂದು ಬಾಗಿಲಿಂದಲೂ ಒಂದೊಂದು ಲೋಟ ತುವಾಕ್ ಬರುತ್ತದೆ, ಅಕ್ಕಿಯ ಕಳ್ಳು. ನಾನು ಕುಡಿಯುವುದಿಲ್ಲ. ಏನು ಮಾಡಲಿ ಅಂತ ತೋಚದೆ ಕೂತಿದ್ದಾಗ ಪಕ್ಕದ ಅಜ್ಜಿ ನನ್ನ ಬೆರಳು ಹಿಡಿದು ಲೋಟಕ್ಕೆ ಮುಟ್ಟಿಸಿ, ಆಮೇಲೆ ನನ್ನ ತುಟಿಗೆ ತಾಗಿಸಿದರು. ಕೊಟ್ಟದ್ದನ್ನು ಮುಟ್ಟದೆ ಎದ್ದರೆ ದಾರಿಯಲ್ಲಿ ಕೆಡುಕಾಗುತ್ತದೆ ಅಂತ ಅವರ ನಂಬಿಕೆ, "ಪುನಿ" ಅಂತ ಅದಕ್ಕೆ ಹೆಸರು. ಬೆರಳು ತಾಗಿಸಿದರೆ ಸಾಕು, ದೋಷವಿಲ್ಲ. ಅತಿಥಿಯನ್ನು ಮುಜುಗರದಿಂದ ಪಾರುಮಾಡುವ ಎಂಥ ಒಳ್ಳೆ ದಾರಿ! ಹುತ್ತರಿಗೆ ಕೊಡಗಿನ ಮನೆಗಳಲ್ಲಿ ಉಂಡವರಿಗೆ ಆ ಜಗಲಿ ಪರಕೀಯ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ಸಬಾ, ಸರವಾಕ್‌ಗೆ ಹೋಗುವಾಗ ದೇಶದೊಳಗಿನ ವಿಮಾನವಾದರೂ ಪಾಸ್‌ಪೋರ್ಟ್ ಮತ್ತೆ ತೋರಿಸಬೇಕು. ಲಗೇಜಿನೊಳಗೆ ಹಾಕಿಬಿಡಬೇಡಿ.

ಶುದ್ಧ ಸಸ್ಯಾಹಾರಿಗಳಿಗೆ ಒಂದು

ಚೀನೀಯರ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ನವ ಸಾಮ್ರಾಟ ದೇವರ ಹಬ್ಬ. ಕೌಲಾಲಂಪುರದ ಪಕ್ಕದ ಅಂಪಾಂಗ್‌ನಲ್ಲಿ, ಪೆನಾಂಗ್‌ನಲ್ಲಿ ಜೋರು. ಭಕ್ತರು ಬಿಳಿ ಬಟ್ಟೆ ಉಟ್ಟು ಒಂಬತ್ತು ದಿನವೂ ಮಾಂಸ ಮುಟ್ಟುವುದಿಲ್ಲ. ಬೀದಿ ಅಂಗಡಿಗಳ ಮೇಲೆ ಹಳದಿ ಬಾವುಟ ಕಂಡರೆ ಅಲ್ಲಿ ಸಸ್ಯಾಹಾರ. ಹೆಚ್ಚಿನ ವರ್ಷಗಳಲ್ಲಿ ಇದು ನಮ್ಮ ನವರಾತ್ರಿಯ ಜೊತೆಗೇ ಬರುತ್ತದೆ. 2023ರಲ್ಲೂ 2024ರಲ್ಲೂ ಎರಡೂ ಒಂದೇ ದಿನ ಶುರುವಾದವು. ದಸರಾ ರಜೆಯಲ್ಲಿ ಮಾತ್ರ ಬರಲು ಆಗುವ ಮೇಷ್ಟ್ರುಗಳಿಗೆ, ಟೀಚರುಗಳಿಗೆ ನಾನು ಇದನ್ನೇ ಹೇಳುವುದು.

ಅವಸರ ಇಲ್ಲದವರಿಗೆ

ಎರಡು ಹಬ್ಬ ಒಟ್ಟಿಗೆ ಬಂದಾಗ ಅಲ್ಲಿಯವರು ಎರಡು ಹೆಸರನ್ನೂ ಸೇರಿಸಿ ಕರೆಯುತ್ತಾರೆ. ಚೀನೀ ಹೊಸವರ್ಷವೂ ಹರಿ ರಾಯವೂ ಕೂಡಿದರೆ "ಕೊಂಗ್ಸಿ ರಾಯ". 1996, 1997, 1998ರಲ್ಲಿ ಹಾಗಾಗಿತ್ತು. 2005, 2006ರಲ್ಲಿ ದೀಪಾವಳಿ ಕೂಡಿ "ದೀಪ ರಾಯ" ಆಗಿತ್ತು. ಲೆಕ್ಕ ಹಾಕಿ ನೋಡಿದರೆ 2029, 2030, 2031, ಈ ಮೂರು ವರ್ಷ ಮತ್ತೆ ಕೊಂಗ್ಸಿ ರಾಯ. ಕೆಂಪು ಕವರು, ಹಸಿರು ಕವರು ಒಂದೇ ವಾರ. ಕಾಕ್ ಆಗಲೇ ಫೋನಲ್ಲಿ ಹೇಳಿದ್ದಾರೆ, ಎರಡು ದಿನ ಮೊದಲೇ ಬಾ, ನೇಯಲು ಕೈ ಸಾಲುವುದಿಲ್ಲ ಅಂತ.